ಮೀಸೆಯ ಬಣ್ಣ ಕೇಳದೆ ಹಚ್ಚದ ಚೆತ್ತಾ

ಬೆಳಗಿನ ಐದೂಕಾಲು. ನಮ್ಮ ಪುಟ್ಟ ದ್ವೀಪದ ಮಾರ್ಸಾಶ್ಲೊಕ್ ರೇವಿನಲ್ಲಿ ಮೀನು ಮಾರುವವರು ಇನ್ನೂ ಕೊಡೆ ಬಿಚ್ಚಿಲ್ಲ. ಸ್ಪೀರುವಿನ ದೋಣಿಯಂಗಳದಲ್ಲಿ ಏಳು ಮೀಟರಿನ ಫೈಬರ್ ದೋಣಿಯೊಂದನ್ನು ದಿಮ್ಮಿಗಳ ಮೇಲೆ ಎತ್ತಿ ಕೂರಿಸಿದ್ದಾರೆ. ಅದರ ಅಡಿಯಲ್ಲಿ ಒಬ್ಬ ಹೆಂಗಸು ಅಂಗಾತ ಮಲಗಿದ್ದಾರೆ. ಬೆನ್ನಿನ ಕೆಳಗೆ ಹಳೆಯ ಹಾಸಿಗೆಯ ತುಂಡು, ತಲೆಗೆ ಬಿಗಿದ ವಸ್ತ್ರ, ಅರ್ಧ ಮುಖಕ್ಕೆ ಮಾಸ್ಕು, ಎರಡೂ ಕೈಯಲ್ಲಿ ಹಿಡಿದ ಅಗಲವಾದ ಕೆರೆಯುವ ಅಲಗು. ಒಂದು ಸಲ ಎಳೆದರೆ ಬೆರಳುದ್ದದ ಬಣ್ಣ ಸುರುಳಿ ಸುತ್ತಿಕೊಂಡು ಅವರ ಎದೆಯ ಮೇಲೆ ಬೀಳುತ್ತದೆ. ಮತ್ತೆ ಎಳೆಯುತ್ತಾರೆ, ಮತ್ತೆ ಬೀಳುತ್ತದೆ.

"ಹತ್ರ ಬರ್ಬೇಡ ಮಗಾ. ಬಿಳಿ ಶರ್ಟು ಹಾಕ್ಕೊಂಡು ಬಂದಿದೀಯ, ನಿನ್ನ ಹೆಂಡ್ತಿ ನನಗೆ ಬಯ್ತಾಳೆ" ಎಂದು ಅಡಿಯಿಂದ ದನಿ ಬರುತ್ತದೆ.

ಇವರು ಚೆತ್ತಾ ಜೆರಾಫಾ. ವಯಸ್ಸು ಅರವತ್ತೊಂದು. ಮೂವತ್ತನಾಲ್ಕು ವರ್ಷಗಳಿಂದ ಇದೇ ಅಂಗಳದಲ್ಲಿ ಫೈಬರ್ ದೋಣಿಗಳ ಹಳೆಯ ಬಣ್ಣ ಕೆರೆದು, ಮೈ ಉಜ್ಜಿ, ಹೊಸ ಬಣ್ಣ ಹಚ್ಚುತ್ತಿದ್ದಾರೆ. ರೇವಿನಲ್ಲಿ ಅವರನ್ನು ಕರೆಯುವುದು ಕೆರೆಯೋ ಚೆತ್ತಾ ಎಂದೇ. ಮನೆತನದ ಹೆಸರು ಹೇಳಿದರೆ ಯಾರೆಂದು ಪಕ್ಕದ ಬೀದಿಯವರಿಗೂ ತಿಳಿಯಲಿಕ್ಕಿಲ್ಲ.

ನಾನು ಇಪ್ಪತ್ತು ವರ್ಷದಿಂದ ಈ ರೇವಿನ ಬಗ್ಗೆ ಬರೆಯುತ್ತಿದ್ದೇನೆ. ಮರದ ದೋಣಿ ಕಟ್ಟುವ ಬಡಗಿಗಳ ಬಗ್ಗೆ ಬರೆದೆ. ದೋಣಿಯ ಮೂತಿಗೆ ಕಣ್ಣು ಬಿಡಿಸುವವರ ಬಗ್ಗೆ ಎರಡು ಸಲ ಬರೆದೆ. ಆ ಕಣ್ಣು ನಿಲ್ಲುವಂತೆ ಅಡಿಯ ಮೈಯನ್ನು ಹದ ಮಾಡಿಕೊಡುವವರು ಯಾರು ಎಂದು ಒಮ್ಮೆಯೂ ಕೇಳಲಿಲ್ಲ. ಅಷ್ಟೇ ಅಲ್ಲ, ಒಂದು ಫೋಟೊಕ್ಕೆ ಅಡ್ಡ ಬಂದರೆಂದು ಇವರಿಗೇ ಪಕ್ಕಕ್ಕೆ ಸರಿಯಲು ಹೇಳಿದ್ದೆನಂತೆ. ನನಗೆ ಮರೆತಿತ್ತು, ಅವರಿಗೆ ಮರೆತಿಲ್ಲ.

"ನೀನೇ ಅಲ್ವಾ, ಬಕೆಟ್ ಎತ್ಕೊಂಡು ಆಚೆ ಹೋಗಿ ಅಂದೋನು?" ಎಂದು ದೋಣಿಯಡಿಯಿಂದ ತೆವಳಿ ಹೊರಗೆ ಬಂದು ಮಾಸ್ಕು ಇಳಿಸುತ್ತಾರೆ. ನಾನು ಕ್ಷಮೆ ಕೇಳುತ್ತೇನೆ. "ಬಿಡು. ಬಕೆಟ್ಟೂ ಚೆನ್ನಾಗಿರ್ಲಿಲ್ಲ."

ಫೈಬರಿನ ಬಣ್ಣ ತೆಗೆಯುವುದು ಮರದ ಬಣ್ಣ ತೆಗೆದಷ್ಟು ಸುಲಭವಲ್ಲ ಎಂದು ನನಗೆ ತಿಳಿದದ್ದು ಈ ಮೂರು ವಾರಗಳಲ್ಲಿ. ಮರಕ್ಕೆ ಬೆಂಕಿಯ ಉರಿ ತೋರಿಸಿದರೆ ಬಣ್ಣ ಮೆತ್ತಗಾಗಿ ಏಳುತ್ತದೆ. ಫೈಬರಿಗೆ ತೋರಿಸಿದರೆ ದೋಣಿಯೇ ಹೋಗುತ್ತದೆ. ಬಣ್ಣ ಕರಗಿಸುವ ಖಾರವಾದ ದ್ರಾವಣ ಸುರಿದರೆ ಅದು ಬಣ್ಣದ ಜೊತೆಗೆ ಅಡಿಯ ಮೈಯನ್ನೂ ತಿನ್ನುತ್ತದೆ. ಆ ಮೈಯ ಮೇಲಿನ ನುಣುಪಾದ ಪದರ ಉಗುರಿನಷ್ಟೇ ದಪ್ಪ. ಅದು ಗೀರಿದರೆ ನೀರು ಒಳಗಿಳಿಯುತ್ತದೆ. ಅದಕ್ಕೇ ಚೆತ್ತಾ ಅಲಗಿನ ಎರಡೂ ಮೂಲೆಗಳನ್ನು ಅರದಿಂದ ಉಜ್ಜಿ ಗುಂಡಗೆ ಮಾಡಿಕೊಂಡಿದ್ದಾರೆ.

"ಒಂದು ಉಗುರಿನಷ್ಟು ಹಳೇ ಬಣ್ಣ ಬಿಟ್ರೂ ಹೊಸ ಬಣ್ಣ ಅಲ್ಲಿಂದಲೇ ಏಳತ್ತೆ" ಎನ್ನುತ್ತಾರೆ. "ಮೊದಲು ಒಂದು ಗುಳ್ಳೆ, ಆಮೇಲೆ ಸಿಪ್ಪೆ. ಎರಡು ಮಳೆಗಾಲ ತಡೆಯಲ್ಲ. ಅದಕ್ಕೇ ನಾನು ಬಿಡಲ್ಲ. ಎಲ್ಲಾ ತೆಗೀಬೇಕು, ಇಲ್ಲಾಂದ್ರೆ ಮುಟ್ಟಲೇಬಾರ್ದು."

ವರ್ಷಕ್ಕೆ ಇಪ್ಪತ್ತೈದು ದೋಣಿ. ದಿನಕ್ಕೆ ಏಳು ಗಂಟೆ, ನಲವತ್ತು ಹಾಳೆ ಉಪ್ಪುಕಾಗದ. ಮೇಲೆ ಮೇಲೆ ಉಜ್ಜಿ ಬಣ್ಣ ಹಚ್ಚುವುದಾದರೆ ಒಂದು ದೋಣಿಗೆ ನಾಲ್ಕು ದಿನ ಸಾಕು. ಪೂರ್ತಿ ಕೆರೆದು ತೆಗೆಯುವುದಾದರೆ ಮೂರು ವಾರ. ಕೆರೆತವೆಲ್ಲ ಬಿಸಿಲೇರುವ ಮೊದಲು. ಫೈಬರಿನ ಪುಡಿ ಮೊಣಕೈ ಸಂದಿಗೆ ಹೊಕ್ಕರೆ ಇಡೀ ದಿನ ತುರಿಕೆ, ಅದನ್ನು ತಣ್ಣೀರಿನಲ್ಲೇ ತೊಳೆಯಬೇಕು, ಬಿಸಿನೀರು ತಾಗಿದರೆ ಇನ್ನಷ್ಟು ಒಳಗಿಳಿಯುತ್ತದೆ. ಡಾಕ್ಟರು ಕೆಲಸ ಬಿಡಲು ಹೇಳಿ ಆರು ವರ್ಷವಾಯಿತು. ಮೂಗು ವಾಸನೆ ಹಿಡಿಯುವುದನ್ನು ನಿಲ್ಲಿಸಿ ಎಂಟು ವರ್ಷವಾಯಿತು. ಇದರಿಂದ ಅವರಿಗೆ ಒಂದೇ ತೊಂದರೆ. ದೋಣಿಯ ತಳದಲ್ಲಿ ಎದ್ದ ಗುಳ್ಳೆಗೆ ಸೂಜಿ ಚುಚ್ಚಿ ಮೂಸಬೇಕು. ಹುಳಿ ವಾಸನೆ ಬಂದರೆ ನೀರು ಒಳಗೆ ಹೊಕ್ಕಿದೆ ಎಂದರ್ಥ, ಅಲ್ಲಿ ಆಳಕ್ಕೆ ತೆಗೆಯಬೇಕು. ಮೂಸಲು ಯಾರನ್ನಾದರೂ ಕರೆಯಬೇಕಾಗುತ್ತದೆ. ಮೊದಲ ದಿನವೇ ಆ ಕೆಲಸ ನನಗೆ ಬಂತು.

"ಬಗ್ಗು. ಬಂತಾ ವಾಸನೆ?"

"ವಿನೆಗರ್ ಬಾಟ್ಲಿ ತೆಗೆದ ಹಾಗೆ ಬಂತು."

"ಹಾಳಾಗೋಯ್ತು. ಇನ್ನೊಂದು ನೋಡು."

ಎಪ್ಪತ್ತೆರಡು ಗುಳ್ಳೆ ಮೂಸಿದೆ. ಇಪ್ಪತ್ತು ವರ್ಷ ಬರೆದ ಪಾಪಕ್ಕೆ ಅದು ಸಾಲದು ಎಂದು ಸ್ಪೀರು ನಕ್ಕ. ಸ್ಪೀರು ಈ ಅಂಗಳದ ಒಡೆಯ, ಶಾಲೆಯಲ್ಲಿ ನನ್ನ ಪಕ್ಕದ ಬೆಂಚಿನವನು. ಚೆತ್ತಾ ಬ್ರೆಡ್ಡು ತರಲು ಹೋದಾಗ ಅವನು ನನ್ನ ಕಿವಿಯ ಹತ್ತಿರ ಬಂದ.

"ಯಾರ ದೋಣಿ ಅಂತ ಹೇಳಿದ್ಲಾ?"

"ಇಲ್ಲ. ಸಾನ್ ಜಿಲ್ಯಾನ್ ಊರಿನ ಯಾರದೋ ಅಂದ್ರು."

"ಯಾರದೋ ಅಲ್ಲ. ಅವಳ ಸ್ವಂತ ತಮ್ಮನದು. ಇಂದ್ರಿ ಅಂತ. ಹದಿನಾರು ವರ್ಷದಿಂದ ಇಬ್ಬರಿಗೂ ಮಾತಿಲ್ಲ."

ಇಡೀ ದ್ವೀಪದ ಈ ತುದಿಯಿಂದ ಆ ತುದಿಗೆ ಬಸ್ಸಿನಲ್ಲಿ ಹೋಗಲು ಒಂದೂವರೆ ಗಂಟೆ ಸಾಕು. ಅಂಥದ್ದರಲ್ಲಿ ಹದಿನಾರು ವರ್ಷ ಮಾತು ಬಿಟ್ಟಿರಬೇಕಾದರೆ ದಿನವೂ ಹಟ ಹಿಡಿಯಬೇಕು. ಇಂದ್ರಿಯವರ ದೋಣಿಯ ತಳ ಈ ವರ್ಷ ಗುಳ್ಳೆಯೆದ್ದಿತು. ಸಾನ್ ಜಿಲ್ಯಾನಿನ ಕೆಲಸಗಾರರು ಇದನ್ನು ಎಸೆಯಿರಿ ಎಂದರಂತೆ. ಲಂಪೂಕಿ ಮೀನಿನ ಕಾಲ ಆಗಸ್ಟ್ ಮಧ್ಯದಲ್ಲಿ ಶುರು, ಅಷ್ಟರೊಳಗೆ ದೋಣಿ ನೀರಿಗಿಳಿಯದಿದ್ದರೆ ವರ್ಷದ ಸಂಪಾದನೆಯೇ ಹೋಯಿತು. ಅವರು ದೋಣಿಯನ್ನು ಲಾರಿಯಲ್ಲಿ ಹಾಕಿ ಇಲ್ಲಿಗೆ ಕಳಿಸಿದರು. ತಾವು ಬರಲಿಲ್ಲ. ಸ್ಪೀರುವಿಗೆ ಫೋನಿನಲ್ಲಿ ಎರಡು ಮಾತು ಹೇಳಿದರು: "ಎಲ್ಲಾ ತೆಗೆದು ಹೊಸದಾಗಿ ಮಾಡ್ಬೇಕು. ಅವಳೇ ಮಾಡ್ಲಿ."

ಮೀಸೆಯ ಬಣ್ಣ ಹೇಳಲಿಲ್ಲ.

ಮೂತಿಯ ಎರಡೂ ಬದಿಗೆ ಮೇಲಂಚಿನಲ್ಲಿ ಹರಿಯುವ ಅಗಲ ಪಟ್ಟೆಯೇ ದೋಣಿಯ ಮೀಸೆ. ಮೈಗೆ ಯಾವ ನೀಲಿ, ಯಾವ ಹಸಿರು ಬೇಕಾದರೂ ಬಳಿಯಿರಿ, ಮೀಸೆ ಮಾತ್ರ ಊರಿನದು. ನಮ್ಮ ರೇವಿನದು ಕಡುಗೆಂಪು, ಸಾನ್ ಜಿಲ್ಯಾನಿನದು ನಿಂಬೆ ಹಳದಿ. ಮನೆಯಲ್ಲಿ ಸಾವಾದರೆ ಒಂದು ವರ್ಷ ಕಪ್ಪು. ದೂರದಿಂದ ಮೀಸೆ ನೋಡಿಯೇ ಟೋಪಿ ತೆಗೆಯಬೇಕೋ ಕೈ ಬೀಸಬೇಕೋ ಎಂದು ಎದುರಿನ ದೋಣಿಯವರು ತೀರ್ಮಾನಿಸುತ್ತಾರೆ.

"ನಾನು ಕೇಳಿ ಹೇಳ್ತೀನಿ ಬಿಡು ಚೆತ್ತಾ, ಯಾವ ಬಣ್ಣ ಅಂತ" ಎಂದ ಸ್ಪೀರು.

"ಬೇಡ. ಮಾಲೀಕನ ಬಾಯಿಂದ ಬರ್ಬೇಕು, ನಿನ್ನ ಬಾಯಿಂದ ಅಲ್ಲ."

ಈ ಹಟಕ್ಕೊಂದು ಕಥೆಯಿದೆ. ಅದನ್ನು ರೇವಿನಲ್ಲಿ ಈಗಲೂ ಹೇಳಿ ನಗುತ್ತಾರೆ. ಚೆತ್ತಾ ಕೆಲಸಕ್ಕೆ ಸೇರಿದ ಮೊದಲ ವರ್ಷ. ಅದಕ್ಕೆ ಮುಂಚೆ ಅವರು ಬಟ್ಟೆ ಹೊಲಿಯುವ ಕಾರ್ಖಾನೆಯಲ್ಲಿದ್ದರು, ಅದು ಬಾಗಿಲು ಹಾಕಿತು. ಆಗಷ್ಟೇ ಫೈಬರ್ ದೋಣಿಗಳು ಬಂದಿದ್ದವು. ಮರದ ಬಡಗಿಗಳು ಈ ಪ್ಲಾಸ್ಟಿಕ್ಕನ್ನು ಮುಟ್ಟುವುದಿಲ್ಲ ಎಂದು ಮೂಗು ಮುರಿದರು, ಉಜ್ಜುವ ಕೆಲಸ ಗಂಡಸರಿಗೆ ಕೀಳೆನಿಸಿತು, ಹಾಗಾಗಿ ಸ್ಪೀರುವಿನ ತಂದೆ ಚೆತ್ತಾ ಅವರನ್ನು ಕರೆದರು. ನೇನು ಎಂಬವರ ದೋಣಿ ಅಂಗಳದಲ್ಲಿತ್ತು, ಮೀಸೆಯೊಂದು ಬಾಕಿ. ನೇನುವಿನ ಅತ್ತೆ ಮರೂಜಾ ಆಸ್ಪತ್ರೆ ಸೇರಿದ್ದು ಎಲ್ಲರಿಗೂ ಗೊತ್ತಿತ್ತು. ಬೆಳಿಗ್ಗೆ ಇಗರ್ಜಿಯ ಸಾವಿನ ಗಂಟೆ ಬಾರಿಸಿತು. ಹೊಸ ಕೆಲಸ, ಯಾರೂ ಹೇಳುವ ಮೊದಲೇ ಮಾಡಿ ಭೇಷ್ ಎನಿಸಿಕೊಳ್ಳುವ ಉತ್ಸಾಹ. ಚೆತ್ತಾ ಕಪ್ಪು ಡಬ್ಬಿ ತೆಗೆದು ಎರಡೂ ಬದಿಗೆ ಮೀಸೆ ಬಳಿದುಬಿಟ್ಟರು. ಗಂಟೆ ಬಾರಿಸಿದ್ದು ಬೇರೆ ಯಾರಿಗೋ.

"ಮೂರನೇ ದಿನ ಮುದುಕಿ ತರಕಾರಿ ಚೀಲ ಹಿಡ್ಕೊಂಡು ಇಲ್ಲಿಗೇ ಬಂದ್ಲು" ಎಂದು ಚೆತ್ತಾ ಬ್ರೆಡ್ಡಿನ ಮೇಲೆ ಟೊಮೆಟೊ ಸವರುತ್ತಾ ಹೇಳುತ್ತಾರೆ. "ದೋಣಿ ಮುಂದೆ ನಿಂತು ನೋಡಿದ್ಲು, ನೋಡಿದ್ಲು. ನನ್ನನ್ನ ಹೂತಿದ್ದು ನೀನೇನೇ ಹುಡುಗಿ ಅಂದ್ಲು. ಭೂಮಿ ಬಾಯಿ ಬಿಡಬಾರ್ದಾ ಅನ್ನಿಸ್ತು. ಅಳಿಯ ಪಕ್ಕದಲ್ಲೇ ನಿಂತಿದ್ದ, ಅವನ ಮುಖ ನೋಡಿ, ಏನಪ್ಪಾ, ನಿನಗೆ ಬಣ್ಣ ಒಪ್ಪಿಗೆ ಆಯ್ತಾ ಅಂದ್ಲು. ಆಮೇಲೆ ಹತ್ತೊಂಬತ್ತು ವರ್ಷ ಬದುಕಿದ್ಲು. ಪ್ರತಿ ವರ್ಷ ದೋಣಿ ನೀರಿಗಿಳಿಯೋ ದಿನ ಬಂದು ಮೀಸೆ ಬಣ್ಣ ನೋಡ್ಕೊಂಡೇ ಹೋಗೋಳು."

ಅಂದಿನಿಂದ ಚೆತ್ತಾ ಮಾಲೀಕರು ಎದುರಿಗೆ ನಿಂತು ಬಾಯಿಬಿಟ್ಟು ಹೇಳದೆ ಯಾವ ದೋಣಿಯ ಮೀಸೆಗೂ ಕುಂಚ ಮುಟ್ಟಿಸಿಲ್ಲ. ಈಗ ಅದೇ ನೇಮ ಅವರ ಕಾಲಿಗೇ ಸುತ್ತಿಕೊಂಡಿದೆ. ಇಂದ್ರಿ ಬಂದು ಹೇಳಬೇಕು, ಇಲ್ಲವೇ ದೋಣಿ ಮೀಸೆಯಿಲ್ಲದೆ ಹೋಗಬೇಕು.

ಜಗಳವಾದದ್ದು ತಂದೆಯ ಮರದ ದೋಣಿಗಾಗಿ. ಹೆಸರು ಸಾಂತಾ ರೀತಾ. ಚೆತ್ತಾ ಎಂಟನೆಯ ವಯಸ್ಸಿನಿಂದ ತಂದೆಯ ಜೊತೆ ಕೂತು ಅದಕ್ಕೆ ಬಣ್ಣ ಬಳಿದವರು. ತಂದೆ ಹೋದ ಮೇಲೆ ದೋಣಿ ಇಂದ್ರಿಯವರ ಪಾಲಿಗೆ ಬಂತು. ಹಲಗೆಗಳು ಲಡ್ಡಾಗಿದ್ದವು. ದುರಸ್ತಿ ಮಾಡುವ ಬಡಗಿ ಸಿಗಲಿಲ್ಲ ಎಂದು ಅವರೆಂದರು, ಹುಡುಕಲೇ ಇಲ್ಲ ಎಂದು ಇವರೆಂದರು. ಒಂದು ಬೆಳಿಗ್ಗೆ ಇಂದ್ರಿ ಅದನ್ನು ಇದೇ ಅಂಗಳದಲ್ಲಿ ಗರಗಸ ಹಾಕಿ ಕೊಯ್ಯಿಸಿದರು. ಅದೇ ಹೆಸರಿನ ಫೈಬರ್ ದೋಣಿ ಮಾರನೆಯ ವಾರ ಬಂತು.

"ಎಲ್ಲರ ಮುಂದೆ ಕೂಗಿದೆ" ಎನ್ನುತ್ತಾರೆ ಚೆತ್ತಾ. "ಅಪ್ಪನ ದೋಣಿ ಕೊಯ್ದೋನು ಅಮ್ಮನ ಮನೆ ಮೆಟ್ಟಿಲು ಹತ್ಬೇಡ ಅಂದೆ. ಪ್ಲಾಸ್ಟಿಕ್ ಡಬ್ಬಿ ಅಂತ ಅವನ ದೋಣಿನ ಬೈದೆ. ಆಗ ನಾನು ಹದಿನೆಂಟು ವರ್ಷದಿಂದ ಪ್ಲಾಸ್ಟಿಕ್ ಡಬ್ಬಿ ಉಜ್ಜಿನೇ ಹೊಟ್ಟೆ ಹೊರೀತಿದ್ದೆ, ಅದು ನೆನಪಾಗ್ಲಿಲ್ಲ. ಅವನು ಏನೂ ಅನ್ಲಿಲ್ಲ. ಚಿಕ್ಕವನಿದ್ದಾಗ್ಲಿಂದ ನಾನು ಹೇಳಿದ್ದು ಕೇಳೋನು. ಅವತ್ತೂ ಕೇಳ್ದ. ಮೆಟ್ಟಿಲು ಹತ್ಲೇ ಇಲ್ಲ. ಮುಂದಿನ ವರ್ಷ ಹೆಂಡ್ತಿ ಊರಿಗೆ ಹೋದ."

ಚೆತ್ತಾ ಮದುವೆಯಾಗಲಿಲ್ಲ. ತಾಯಿಯ ಜೊತೆ ಉಳಿದರು. ಜಗಳವಾದ ಎರಡು ವರ್ಷಕ್ಕೆ ತಾಯಿ ತೀರಿಕೊಂಡರು. ಇಂದ್ರಿ ಮಣ್ಣಿಗೂ ಬರಲಿಲ್ಲ. ಇದು ಇಡೀ ರೇವಿಗೆ ಗೊತ್ತಿರುವ ಮಾತು, ನಾನೂ ಕೇಳಿದ್ದೆ. ತಾಯಿಯ ಮುಖ ನೋಡಲು ಬಾರದ ಮಗ ಎಂದು ಅವರನ್ನು ನೋಡದೆಯೇ ನಾನೂ ಮನಸ್ಸಿನಲ್ಲಿ ಬೈದುಕೊಂಡಿದ್ದೆ.

ಎರಡನೆಯ ವಾರದ ಗುರುವಾರ. ತಳವೆಲ್ಲ ಬಿಳಿಚಿಕೊಂಡು ನಿಂತಿದೆ. ಚೆತ್ತಾ ಮೂತಿಯ ಹತ್ತಿರ ಏಣಿ ಹಾಕಿ, ನೀರು ಚಿಮುಕಿಸಿ ಮೀಸೆ ಉಜ್ಜುತ್ತಿದ್ದಾರೆ. ಒಂದೇ ಕಡೆ ಗುಂಡಗೆ ಉಜ್ಜಿದರೆ ಒಳಗಿನ ಬಣ್ಣಗಳು ಒಂದರ ಸುತ್ತ ಒಂದು ಬಳೆಗಳ ಹಾಗೆ ಕಾಣುತ್ತವೆ. ಒಂದೊಂದು ಬಳೆ ಒಂದೊಂದು ವರ್ಷ. ಬೇರೆ ದೋಣಿಗಳ ಬಳೆ ಎಣಿಸಿ ಅವರು ಮಾಲೀಕರನ್ನು ಕೆಣಕುವುದನ್ನು ನೋಡಿದ್ದೇನೆ: ಈ ವರ್ಷ ಬಣ್ಣ ಹಚ್ಚದೇನೇ ಹಚ್ಚಿದೆ ಅಂತ ಸುಳ್ಳು ಹೇಳಿದ್ಯಲ್ಲೋ ಎಂದು. ಇವತ್ತು ಉಜ್ಜುವ ಸದ್ದು ನಿಂತುಹೋಗಿದೆ.

"ಮಗಾ, ಇಲ್ಲಿ ಬಾ. ಇದನ್ನ ನೀನು ಎಣಿಸು. ನನ್ನ ಕಣ್ಣು ಸರಿಯಾಗಿಲ್ಲ."

ಅವರ ಕಣ್ಣಿಗೆ ಏನೂ ಆಗಿಲ್ಲ. ನಾನು ಏಣಿ ಹತ್ತಿ ಹೊರಗಿನಿಂದ ಒಳಕ್ಕೆ ಎಣಿಸುತ್ತೇನೆ. ನಿಂಬೆ ಹಳದಿ ಹನ್ನೊಂದು. ನಂತರ ಕಪ್ಪು, ಒಂದಲ್ಲ, ಮೂರು, ನಡುವೆ ಉಪ್ಪುಕಾಗದ ಆಡಿಸಿದ ಬೂದು ಗೆರೆ ಇರುವುದರಿಂದ ಬೇರೆ ಬೇರೆಯಾಗಿ ತಿಳಿಯುತ್ತದೆ. ಆಮೇಲೆ ಹಳದಿ ಒಂದು. ಎಲ್ಲಕ್ಕಿಂತ ಒಳಗೆ ಕಡುಗೆಂಪು ಒಂದು.

"ಮೂರು ತಾನೇ ಕಪ್ಪು?"

"ಮೂರು."

ಅವರು ಮಗುಚಿದ ಬಕೆಟ್ಟಿನ ಮೇಲೆ ಕೂತರು. ಸ್ಪೀರು ಕೈ ಒರೆಸುತ್ತಾ ಹತ್ತಿರ ಬಂದ.

"ನಿನಗೆ ಗೊತ್ತಿತ್ತಾ ಸ್ಪೀರು?"

"ಇಡೀ ರೇವಿಗೆ ಗೊತ್ತಿತ್ತು ಚೆತ್ತಾ. ಸಮುದ್ರದಲ್ಲಿ ಎಲ್ಲರೂ ನೋಡ್ತಿದ್ರು."

"ಹೇಳ್ಬಾರ್ದಿತ್ತಾ?"

"ಅವನ ಹೆಸರೆತ್ತಿದ್ರೆ ಅದೇ ಅಲಗು ತಗೊಂಡು ನನ್ನ ಚರ್ಮ ಕೆರೀತಿದ್ದೆ."

ಒಂದು ವರ್ಷ ಸಾಕಾದ ಕಡೆ ಮೂರು ವರ್ಷ ಕಪ್ಪು ಮೀಸೆ ಹೊತ್ತು ತಿರುಗಿದವನು ಮಣ್ಣಿಗೇಕೆ ಬರಲಿಲ್ಲ ಎಂದು ನಾನು ಯೋಚಿಸುತ್ತಿದ್ದೆ. ಚೆತ್ತಾ ಆ ದಿನ ಮೀಸೆ ಮುಟ್ಟಲಿಲ್ಲ. ಮಧ್ಯಾಹ್ನದವರೆಗೆ ಗುಳ್ಳೆ ಕೆತ್ತಿ ತೆಗೆದ ತಳದ ಕುಳಿಗಳಿಗೆ ಪುಟ್ಟಿ ತುಂಬಿ ಯಾರಿಗೂ ಹೇಳದೆ ಮನೆಗೆ ಹೋದರು.

ಮಾರನೆಯ ಬೆಳಿಗ್ಗೆ ಅವರೇ ನನಗೂ ಒಂದು ಲೋಟ ಚಹಾ ತಂದುಕೊಟ್ಟು ಎದುರಿಗೆ ಕೂತರು. ಹೇಳುವಾಗ ನನ್ನ ಕಡೆ ನೋಡಲಿಲ್ಲ.

"ಚಳಿಗಾಲದಲ್ಲಿ ಅವನು ಬೇರೆಯವರ ದೊಡ್ಡ ದೋಣಿಯಲ್ಲಿ ದೂರ ಹೋಗ್ತಿದ್ದ. ಅಮ್ಮ ಹೋದಾಗ ಸಮುದ್ರದಲ್ಲಿದ್ದ. ರೇಡಿಯೊದಲ್ಲಿ ಕರೆದಿದ್ರೆ ಅರ್ಧ ದಿನದಲ್ಲಿ ಬಂದಿರ್ತಿದ್ದ. ಕರೀರಿ ಅಂತ ಪಾದ್ರಿಗಳು ಹೇಳಿದ್ರು. ನಾನೇ ಕರೀತೀನಿ, ನೀವ್ಯಾರೂ ಕರೀಬೇಡಿ, ಅಕ್ಕ ಇರೋವಾಗ ಬೇರೆಯವ್ರು ಯಾಕೆ ಹೇಳ್ಬೇಕು ಅಂದೆ. ಇಲ್ಲೇ, ಸ್ಪೀರುವಿನ ಆ ಕೋಣೇಲಿ, ರೇಡಿಯೊ ಮುಂದೆ ಕೂತೆ. ಕೈ ಹಚ್ಲಿಲ್ಲ. ಹೊರಗೆ ಬಂದು ಕರೆದೆ ಅಂದೆ. ಎರಡು ದಿನ ಆಯ್ತು, ಮಣ್ಣಾಯ್ತು. ಬರ್ಲಿಲ್ಲ ನೋಡಿ, ಕಲ್ಲೆದೆ ಅಂತ ಊರಿಗೆಲ್ಲ ಹೇಳ್ದೆ. ಹೇಳಿ ಹೇಳಿ ನನಗೇ ನಿಜ ಅನ್ನಿಸೋಕೆ ಶುರುವಾಯ್ತು."

ನಾನು ಪೆನ್ನು ಕೆಳಗಿಟ್ಟೆ.

"ಬರ್ಕೋ" ಎಂದರು. "ಅದಕ್ಕೇ ಹೇಳ್ತಿರೋದು. ಊರಿಗೆಲ್ಲ ಹೇಳಿದ ಸುಳ್ಳನ್ನ ಒಬ್ಬೊಬ್ಬರ ಮನೆಗೆ ಹೋಗಿ ವಾಪಸ್ ತರೋಕೆ ಆಗಲ್ಲ. ಪೇಪರಲ್ಲಿ ಬಂದ್ರೆ ಎಲ್ಲರಿಗೂ ಒಂದೇ ಸಲ ಆಗತ್ತೆ. ಆದ್ರೆ ಮೊದಲು ಅವನಿಗೆ ನಾನು ಹೇಳ್ಬೇಕು. ಆಮೇಲೆ ಅಚ್ಚಾಗ್ಲಿ."

ಮುಂದಿನ ಹತ್ತು ದಿನ ಅವರು ಕೆಲಸ ಮಾಡಿದ ರೀತಿಯನ್ನು ಮತ್ತೊಮ್ಮೆ ನೋಡಲು ಇನ್ನೊಂದು ಜನ್ಮದ ಭಾಗ್ಯ ಬೇಕು. ಎಪ್ಪತ್ತೆರಡು ಕುಳಿಗಳನ್ನೂ ತುಂಬಿ, ಒಣಗಿಸಿ, ಅಂಗೈ ಸವರಿ ಪರೀಕ್ಷಿಸಿದರು. ಮೊದಲು ಒರಟಾದ ಎಂಬತ್ತರ ಉಪ್ಪುಕಾಗದ, ನೂರಿಪ್ಪತ್ತರ ಕಾಗದ, ಆಮೇಲೆ ನೀರುಹಾಕಿ ನುಣುಪಾದ ಇನ್ನೂರಿಪ್ಪತ್ತು. ಬೂದು ಪ್ರೈಮರ್ ಎರಡು ಕೋಟು. ಇಬ್ಬನಿ ಆರಿದ ಮೇಲೆ, ಬಿಸಿಲು ಚುರುಗುಟ್ಟುವ ಮೊದಲು, ದಿನಕ್ಕೆ ಎರಡೇ ಗಂಟೆ ಬಣ್ಣ. ತಳಕ್ಕೆ ಪಾಚಿ ಹಿಡಿಯದ ಕಪ್ಪುಗೆಂಪು, ಮೈಗೆ ನೀಲಿ, ಮೇಲೆ ಹಳದಿಯ ಗೆರೆ, ಅದರ ಮೇಲೆ ಹಸಿರು. ಕಣ್ಣಿನ ಹುಬ್ಬನ್ನೂ ಅವರೇ ತೀಡಿದರು. ಒಂದು ಬೆಳಿಗ್ಗೆ ಮನೆಯಿಂದ ಮೊಳದುದ್ದದ ಮರದ ತುಂಡು ತಂದರು. ತಂದೆಯ ದೋಣಿಯ ಹಲಗೆ. ಕೊಯ್ದ ದಿನ ಎತ್ತಿಕೊಂಡು ಹೋದದ್ದು, ಹದಿನಾರು ವರ್ಷದಿಂದ ಅಡುಗೆಮನೆ ಬಾಗಿಲಿಗೆ ಒತ್ತಾಗಿ ಇಟ್ಟಿದ್ದರಂತೆ. ಅದರ ಮೇಲಿನ ಕೆಂಪನ್ನು ನೋಡುತ್ತಾ ಡಬ್ಬಿಯಲ್ಲಿ ಬಣ್ಣ ಬೆರೆಸಿದರು. ಐದು ಸಲ ಸರಿಬರಲಿಲ್ಲ. ಆರನೆಯ ಸಲ ಹಲಗೆಯ ಮೇಲೆ ಒಂದು ಬೊಟ್ಟು ಇಟ್ಟರೆ ಎಲ್ಲಿಟ್ಟರೆಂದು ಕಾಣಲಿಲ್ಲ.

ಆದರೂ ಮೀಸೆಗೆ ಹಚ್ಚಲಿಲ್ಲ. ಇಡೀ ದೋಣಿ ಮದುವೆಗೆ ಹೊರಟ ಹಾಗೆ ನಿಂತಿದ್ದರೆ ಮೂತಿಯ ಎರಡು ಬದಿ ಮಾತ್ರ ಬೂದು.

"ಫೋನ್ ಮಾಡು" ಎಂದರು ಸ್ಪೀರುವಿಗೆ. "ಬಂದು ಮೀಸೆ ಬಣ್ಣ ಹೇಳ್ಬೇಕಂತೆ ಅನ್ನು. ಅಷ್ಟೇ ಅನ್ನು, ಬೇರೆ ನಿನ್ನ ಪುರಾಣ ಬೇಡ."

ಶನಿವಾರ ಬೆಳಿಗ್ಗೆ ಏಳರ ಬಸ್ಸಿನಿಂದ ಇಂದ್ರಿ ಇಳಿದರು. ಐವತ್ತೇಳು ವರ್ಷ, ತೆಳ್ಳಗಿನ ಆಳು, ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಕಾಗದದ ಪೊಟ್ಟಣ. ಅಂಗಳಕ್ಕೆ ಬಂದು ಯಾರನ್ನೂ ನೋಡದೆ ದೋಣಿಯನ್ನು ಒಂದು ಸುತ್ತು ಹಾಕಿದರು. ಬಗ್ಗಿ ತಳಕ್ಕೆ ಅಂಗೈ ಒತ್ತಿದರು.

"ಗುಳ್ಳೆ?"

"ಎಪ್ಪತ್ತೆರಡಿತ್ತು. ಈಗ ಒಂದೂ ಇಲ್ಲ."

ಹದಿನಾರು ವರ್ಷದ ನಂತರ ಅಕ್ಕ ತಮ್ಮ ಆಡಿದ ಮೊದಲ ಮಾತು ಇದು. ನಾನೂ ಸ್ಪೀರುವೂ ಎದ್ದು ಹೋಗಬೇಕಿತ್ತು. ಹೋಗಲಿಲ್ಲ, ಹೋಗಿ ಎಂದು ಅವರೂ ಹೇಳಲಿಲ್ಲ. ಚೆತ್ತಾ ಕೈಯಲ್ಲಿದ್ದ ಬಟ್ಟೆಯಲ್ಲಿ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡರು.

"ಅಮ್ಮ ಹೋದಾಗ ನಾನು ನಿನ್ನನ್ನ ಕರೀಲಿಲ್ಲ. ಕರೆದೆ ಅಂತ ಎಲ್ಲರಿಗೂ ಹೇಳ್ದೆ. ಕರೀಲಿಲ್ಲ."

"ಗೊತ್ತು."

"ಯಾರು ಹೇಳಿದ್ರು?"

"ಯಾರ್ ಹೇಳ್ಬೇಕು? ರೇಡಿಯೊ ಎರಡು ದಿನವೂ ನನ್ನ ತಲೆ ಹತ್ರಾನೇ ಇತ್ತಲ್ಲ ಅಕ್ಕ. ಯಾರೂ ಕರೀಲಿಲ್ಲ."

"ಮತ್ತೆ ಊರೆಲ್ಲ ನಿನ್ನ ಬೈಯೋವಾಗ ಸುಮ್ನೆ ಯಾಕಿದ್ದೆ?"

ಇಂದ್ರಿ ದೋಣಿಯ ಕಡೆಗೇ ನೋಡುತ್ತಿದ್ದರು. "ಅಪ್ಪನ ದೋಣಿ ಕೊಯ್ಸಿದ್ದು ನಾನೇ ಅಲ್ವಾ. ಬಡಗಿ ಇದ್ದ. ಗೋಜೋ ದ್ವೀಪದಲ್ಲಿ ಒಬ್ಬ ಇದ್ದ. ನಾನು ಹೋಗಿ ಕೇಳ್ಲಿಲ್ಲ."

ಚೆತ್ತಾ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ಕೆಲಸದ ದನಿಯಲ್ಲಿ ಕೇಳಿದರು, "ಮೀಸೆಗೆ ಬಣ್ಣ ಹೇಳು."

ಇಂದ್ರಿಯ ಕಣ್ಣು ಏಣಿಯ ಕಾಲ ಬಳಿಯ ಡಬ್ಬಿಗೆ, ಪಕ್ಕದ ಹಲಗೆಗೆ ಹೋಯಿತು. ಹಲಗೆಯನ್ನು ಅವರು ಗುರುತು ಹಿಡಿದದ್ದು ಮುಖದಲ್ಲೇ ಕಂಡಿತು.

"ಡಬ್ಬಿ ತೆರೆದಿಟ್ಟಿದೀಯಲ್ಲ."

"ತೆರೆದಿದೀನಿ. ಹಚ್ಚಿಲ್ಲ. ನಿನ್ನ ಬಾಯಿಂದ ಬರ್ಬೇಕು."

"ಹಚ್ಚು."

"ಸಾನ್ ಜಿಲ್ಯಾನಿನೋರು ನಗ್ತಾರೆ ಕಣೋ, ನಮ್ಮೂರ ಮೀಸೆ ಇಟ್ಕೊಂಡು ಅಲ್ಲಿ ಹೋದ್ರೆ" ಎಂದ ಸ್ಪೀರು.

"ನಗ್ಲಿ."

ಚೆತ್ತಾ ಏಣಿ ಹತ್ತಿ ಒಂದೇ ಉಸಿರಿಗೆ ಎಂಬಂತೆ ಮೊದಲ ಎಳೆ ಎಳೆದರು. ನನಗೆ ಅಳು ಬಂತು. ಪತ್ರಿಕೆಯವನು ಅಳಬಾರದು ಎಂದು ಯಾರೋ ಕಲಿಸಿದ್ದರು, ಯಾಕೆಂದು ಹೇಳಿರಲಿಲ್ಲ. ಇಂದ್ರಿ ಪೊಟ್ಟಣ ಬಿಚ್ಚಿ ಅಂಜೂರದ ಹಣ್ಣುಗಳನ್ನು ಮಗುಚಿದ ಬಕೆಟ್ಟಿನ ಮೇಲೆ ಇಟ್ಟರು. ಆಮೇಲೆ ದೋಣಿಗೆ ಒರಗಲು ಹೋದರು.

"ಒರಗ್ಬೇಡ. ಹಸಿ ಇದೆ" ಎಂದು ಮೇಲಿನಿಂದ ಅಕ್ಕ ಗದರಿದರು. ಅಕ್ಕ ಹೇಳಿದ ಮಾತು ಕೇಳಿ ಇಂದ್ರಿ ಸರಿದು ನಿಂತರು.

ಸಾಂತಾ ರೀತಾ, ಆಗಸ್ಟ್ ಮಧ್ಯದ ಸಾಂತಾ ಮರಿಯಾ ಹಬ್ಬಕ್ಕೆ ಮೂರು ದಿನ ಮೊದಲೇ ನೀರಿಗಿಳಿಯಿತು. ಇಂದ್ರಿ ಲಾರಿ ಬೇಡವೆಂದು ತಾವೇ ಸಮುದ್ರದ ದಾರಿಯಲ್ಲಿ ಓಡಿಸಿಕೊಂಡು ಹೋದರು. ಎದುರು ಬಂದ ಎರಡು ದೋಣಿಯವರು ಮೀಸೆ ನೋಡಿ ಕೈ ಬೀಸಿದರು.

ಮಾರನೆಯ ಬೆಳಿಗ್ಗೆ ಐದೂಕಾಲಿಗೆ ಹೋದರೆ ಚೆತ್ತಾ ಬೇರೆ ದೋಣಿಯ ಕೆಳಗೆ ಮಲಗಿದ್ದಾರೆ. ಇಂಥ ಬರಹದ ಕೊನೆಗೆ ನಿಮ್ಮ ಆಸೆಯೇನು ಎಂದು ಕೇಳುವುದು ನಮ್ಮ ಕಸುಬಿನ ರೂಢಿ. ಕೇಳಿದೆ.

"ಆಸೆ ಗೀಸೆ ಏನಿಲ್ಲ. ಒಂದು ತಪ್ಪು ಮಾಡಿದೀನಿ, ಅದನ್ನ ಬರ್ಕೋ" ಎಂದರು, ಕೆರೆಯುವುದನ್ನು ನಿಲ್ಲಿಸದೆ. "ಎಡಗಡೆ ಮೀಸೆ ತುದೀಲಿ ಅಂಗೈ ಅಗಲ ಕಪ್ಪು ಹಾಗೇ ಬಿಟ್ಟಿದೀನಿ. ಉಜ್ಜೋಕೆ ಕೈ ಬರ್ಲಿಲ್ಲ. ಅದರ ಮೇಲೇ ಪ್ರೈಮರ್ ಹಚ್ಚಿ ಕೆಂಪು ಹಚ್ಚಿದೀನಿ."

"ಉಗುರಿನಷ್ಟು ಬಿಟ್ರೂ ಅಲ್ಲಿಂದ ಏಳತ್ತೆ ಅಂದಿದ್ರಿ."

"ಏಳತ್ತೆ. ಒಂದು ವರ್ಷಕ್ಕೋ ಎರಡು ವರ್ಷಕ್ಕೋ ಎದ್ದೇ ಏಳತ್ತೆ. ಎದ್ದಾಗ ದೋಣಿ ಇಲ್ಲಿಗೆ ತರ್ಬೇಕಲ್ಲ ಅವನು."

"ಇದನ್ನೂ ಅಚ್ಚು ಹಾಕಲಾ? ಅವರು ಓದಿಬಿಟ್ರೆ?"

ಅಲಗಿನ ಸದ್ದು ನಿಂತಿತು. ದೋಣಿಯಡಿಯಿಂದ ದನಿ ಬಂತು.

"ಹಾಕು. ಓದಿದ್ರೆ, ಬಣ್ಣ ಏಳೋತನಕ ಯಾಕೆ ಕಾಯ್ಬೇಕು ಅಂತ ಅವನಿಗೇ ಅನ್ನಿಸ್ಬೋದು."